ಕೊಳೆತ ಶುಂಠಿಗೆ ವಾಸನೆ ಇರುತ್ತೆ ಸ್ವಾಮೀ...

ಮೊನ್ನೆ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಶಿರಾಳಕೊಪ್ಪ. ಬೆಂಗಳೂರಲ್ಲಿ ಯಾರಾದ್ರೂ ಯಾವ ಊರು ಅಂತ ಕೇಳಿದ್ರೆ ಮೊದಲು ಶಿವಮೊಗ್ಗ ಅಂತೀನಿ. ಶಿವಮೊಗ್ಗದಲ್ಲಿ ಎಲ್ಲಿ ಅಂದ್ರೆ ಶಿಕಾರಿಪುರದ ಹತ್ರ ಅಂತೀನಿ. ಇನ್ನೂ ಬಿಡದೆ ಕೇಳಿದ್ರೆ ಮಾತ್ರ ಶಿರಾಳಕೊಪ್ಪದ ಹೆಸರು ಹೊರಗೆ ಬರೋದು. ಅಷ್ಟು ಹೊತ್ತಿಗೆ ಕೇಳಿದವರಿಗೇ ಆಸಕ್ತಿ ಹೋಗಿರುತ್ತೆ :)

ಹಬ್ಬದ ಮಾರನೇ ದಿನ ಚಿಕ್ಕಪ್ಪನ ಮನೆಗೆ ಹೋದೆ. ಅಂಗಳದ ತುಂಬ ಮೆಕ್ಕೆಜೋಳ ಹರವಿತ್ತು. ಚಿಕ್ಕಪ್ಪ ಕಾಲಲ್ಲಿ ಕಾಳು ಕೆದಕ್ತಾ ಕೆದಕ್ತಾ, ಮುಖ ಎತ್ತದೇ ಹೇಳಿದರು:

"ನೀ ಬರ್ದಿದ್ದು ಓದಿದೆ. ನಿನ್ ತಮ್ಮ ಮೊಬೈಲಲ್ಲಿ ತೋರ್ಸಿದ."

ನನಗೆ ಎದೆ ಧಸಕ್ ಅಂತು. ಯಾವುದನ್ನ ಓದಿದರು ಅಂತ ಕೇಳೋ ಅಗತ್ಯ ಇರಲಿಲ್ಲ. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಎರಡೆಕರೆ ಶುಂಠಿ ಕೊಳೆರೋಗಕ್ಕೆ ಹೋದಾಗ ನಾನು ಇದೇ ಬ್ಲಾಗಲ್ಲಿ "ಮಣ್ಣಿನ ಕಣ್ಣೀರು" ಅಂತ ಒಂದು ಬರಹ ಕುಟ್ಟಿದ್ದೆ. ನಿಮ್ಮಲ್ಲಿ ಹಲವರು ಓದಿದ್ದೀರಿ. ನಲವತ್ತಮೂರು ಕಾಮೆಂಟು ಬಂದಿತ್ತು. ನನ್ನ ಬ್ಲಾಗಿನ ಇತಿಹಾಸದಲ್ಲೇ ಅದು ದಾಖಲೆ.

"ಹೆಂಗಿತ್ತು ಚಿಕ್ಕಪ್ಪಾ?" ಅಂದೆ.

"ಚಲೋ ಬರ್ದೀಯಪ್ಪ. ಯಾರ್ದೋ ಮನೆ ಕಥಿ ಅನ್ಕಂಡು ಅರ್ಧ ಓದಿದೆ. ಪಾಪ ಅನ್ನಿಸ್ತು. ಆಮ್ಯಾಲೆ ಇವ ಹೇಳಿದ, ನಮ್ದೇ ಅಂತ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು. "ಅಲ್ಲ ತಮ್ಮಾ, ಕೊಳೆತ ಶುಂಠಿ ಎಷ್ಟು ನಾರ್ತತಿ ಅಂತ ನಿಂಗೆ ಗೊತ್ತಿಲ್ವ? ಅದೊಂದ್ ಬರ್ದಿದ್ರೆ ಸಾಕಿತ್ತು, ಗುರ್ತು ಹಿಡೀತಿದ್ದೆ."

ಬೈದಿದ್ದಲ್ಲ. ನಿಜವಾಗ್ಲೂ ಆಶ್ಚರ್ಯದಿಂದ ಕೇಳಿದ್ದು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

*

ಬೆಂಗಳೂರಿಗೆ ವಾಪಸ್ ಬಂದು ಆ ಬರಹವನ್ನ ಮತ್ತೆ ತೆಗೆದು ಓದಿದೆ. ನಿಮಗೂ ಸ್ವಲ್ಪ ತೋರಿಸ್ತೀನಿ, ನಗಬೇಡಿ. ಆಕಾಶ ಬಿಕ್ಕಿ ಬಿಕ್ಕಿ ಅಳ್ತಾ ಇತ್ತಂತೆ. ಭೂತಾಯಿ ತನ್ನ ಮಗುವನ್ನ ತಾನೇ ನುಂಗಿಕೊಂಡಳಂತೆ. ಅನ್ನದಾತನ ಕನಸುಗಳು ಮಣ್ಣುಪಾಲಾದವಂತೆ. ಚಿಕ್ಕಮ್ಮನ ಕಣ್ಣಲ್ಲಿ ಬರಗಾಲವಂತೆ! ಅತಿಮಳೆಗೆ ಬೆಳೆ ಹೋದ ಮನೇಲಿ ಬರಗಾಲ. ಬರೆಯೋವಾಗ ಇದು ನನ್ನ ತಲೆಗೇ ಹೋಗಿಲ್ಲ. ಕಾಮೆಂಟು ಹಾಕಿದ ನಲವತ್ತಮೂರು ಜನರಲ್ಲೂ ಒಬ್ಬರ ತಲೆಗೂ ಹೋಗಿಲ್ಲ. "ಕಣ್ಣು ಒದ್ದೆಯಾಯ್ತು", "ಭಾವಪೂರ್ಣ ಬರಹ", "ರೂಪಕಗಳು ಅದ್ಭುತ" ಅಂತ ಎಲ್ಲರೂ ಬೆನ್ನು ತಟ್ಟಿದ್ದೀರಿ. ನಾನೂ ತಟ್ಟಿಸಿಕೊಂಡೆ.

ಆ ವರ್ಷ ನಿಜಕ್ಕೂ ಆಗಿದ್ದೇನು? ಜುಲೈ ತಿಂಗಳಲ್ಲಿ ಹನ್ನೆರಡು ದಿನ ಬಿಡದೆ ಮಳೆ ಹೊಡೀತು. ಚಿಕ್ಕಪ್ಪನ ಹೊಲದ ಕೆಳಗಿನ ಜಾಗದಲ್ಲಿ ಹೊಸದಾಗಿ ಅಡಿಕೆ ತೋಟ ಎದ್ದಿತ್ತು, ಅದರ ಬದುವಿಗೆ ನೀರು ಹೋಗೋ ಕಾಲುವೆ ಮುಚ್ಚಿಹೋಗಿತ್ತು. ಶುಂಠಿ ಮಡಿಯಲ್ಲಿ ನೀರು ನಿಂತರೆ ಮುಗೀತು. ಮೊದಲು ಎಲೆ ಅಂಚಿಂದ ಹಳದಿ ತಿರುಗುತ್ತೆ, ಬುಡ ಮೆತ್ತಗಾಗುತ್ತೆ, ಹಿಡಿದು ಎಳೆದರೆ ಸಸಿ ಸಲೀಸಾಗಿ ಕೈಗೆ ಬರುತ್ತೆ, ಗೆಡ್ಡೆ ನೆಲದಲ್ಲೇ ಉಳಿಯುತ್ತೆ. ಅಗೆದರೆ ವಾಸನೆ. ಬೀಜದ ಶುಂಠಿಗೆ ಮಂಡಿಯವರ ಹತ್ರ ತಂದ ಮುಂಗಡ ಇತ್ತು. ಅದನ್ನ ತೀರಿಸೋಕೆ ಚಿಕ್ಕಮ್ಮನ ಅವಲಕ್ಕಿ ಸರ ಹೋಯ್ತು. ಆ ವರ್ಷ ಮದುವೆ ಮನೆಗಳಲ್ಲಿ ಚಿಕ್ಕಮ್ಮ ಕತ್ತಿನ ಸುತ್ತ ಸೆರಗು ಹೊದ್ದುಕೊಂಡೇ ಕೂತಿರ್ತಿದ್ದರು.

ಇದೆಲ್ಲ ನನಗೆ ಆಗಲೇ ಗೊತ್ತಿತ್ತು ಕಣ್ರೀ. ಗೊತ್ತಿದ್ದೂ ಬರೀಲಿಲ್ಲ. ಯಾಕೆ ಬರೀಲಿಲ್ಲ ಅನ್ನೋದೇ ಈ ಬರಹದ ವಿಷಯ.

ಯಾಕಂದ್ರೆ ಕಾಲುವೆ, ಮುಂಗಡ, ವಾಸನೆ ಇವೆಲ್ಲ ನನಗೆ "ಸಾಹಿತ್ಯ"ದ ಹಾಗೆ ಕಾಣಲಿಲ್ಲ. ಸಾಹಿತ್ಯ ಅಂದ್ರೆ ಆಕಾಶ ಅಳಬೇಕು. ನಾವೆಲ್ಲ ಒಂದು ರೆಡಿಮೇಡ್ ಲೈಬ್ರರಿ ಇಟ್ಟುಕೊಂಡಿದ್ದೀವಿ. ಸಂಕಟ ಅಂದ್ರೆ ಕಣ್ಣೀರ ಕೋಡಿ, ಅಮ್ಮ ಅಂದ್ರೆ ಕರಗುವ ಮೇಣದಬತ್ತಿ, ಮಲೆನಾಡು ಅಂದ್ರೆ ಮಂಜು-ಮಳೆ-ಹಂಡೆ ಒಲೆ-ಕಾಫಿ, ಬೆಂಗಳೂರು ಅಂದ್ರೆ ಕಾಂಕ್ರೀಟ್ ಕಾಡು. ವಿಷಯ ಬಂತಾ, ಇಂಪೋರ್ಟ್ ಮಾಡಿಕೋ, ಪೋಸ್ಟ್ ಮಾಡು. ಓದುಗನಿಗೂ ಅದೇ ಲೈಬ್ರರಿ ಗೊತ್ತಿರೋದ್ರಿಂದ ಅವನು ಸರಿಯಾದ ಜಾಗದಲ್ಲಿ ಸರಿಯಾಗಿ ಅಳ್ತಾನೆ. ಇಬ್ಬರೂ ಸಂವೇದನಾಶೀಲರು ಅಂತ ಪರಸ್ಪರ ಸರ್ಟಿಫಿಕೇಟು ಕೊಟ್ಟುಕೊಂಡು ಮಲಗ್ತೀವಿ. ಶುಂಠಿ ಬೆಳೆದವನು ಮಾತ್ರ ಅದನ್ನ ಓದಿ "ಯಾರ ಮನೆ ಕಥೆಯೋ ಪಾಪ" ಅಂತಾನೆ.

*

ತಮಾಷೆ ಏನು ಗೊತ್ತಾ? ಇದನ್ನ ಕಲಿಯೋಕೆ ನಾನು ದೂರ ಹೋಗಬೇಕಾಗಿರಲಿಲ್ಲ. ಶಿರಾಳಕೊಪ್ಪದ ಸುತ್ತ ಸೈಕಲ್ಲಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಈ ವಿದ್ಯೆಯ ಮೇಷ್ಟ್ರುಗಳು ಸಾಲಾಗಿ ಇದ್ದರು.

ಮೊದಲು ತಾಳಗುಂದ. ಪ್ರಣವೇಶ್ವರ ದೇವಸ್ಥಾನದ ಎದುರು ಒಂದು ಕಲ್ಲಿನ ಕಂಬ ಇದೆ. ಸ್ಕೂಲಲ್ಲಿ ಟೂರಿಗೆ ಕರ್ಕೊಂಡು ಹೋದಾಗ ನಾವು ಅದಕ್ಕೆ ಒರಗಿಕೊಂಡು ಚಿತ್ರಾನ್ನ ತಿಂದಿದ್ದೀವಿ. ಆ ಕಂಬದ ಮೇಲಿರೋದು ಐದನೇ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಅನ್ನೋ ಕವಿ ಬರೆದ ಸಂಸ್ಕೃತ ಕಾವ್ಯ. ಕಲ್ಲಿನ ಮೇಲೆ ತಾನೇ ಬರೆದೆ ಅಂತಲೂ ಹೇಳಿಕೊಂಡಿದ್ದಾನೆ. ಬರೆಸಿದ ಸಂದರ್ಭ ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಒಂದು ಕೆರೆ. ಆದರೆ ಕೆರೆ ಯಾರಿಗೂ ನೆನಪಿಲ್ಲ. ಎಲ್ಲರಿಗೂ ನೆನಪಿರೋದು ಮಯೂರಶರ್ಮನ ಕಥೆ. ವೇದ ಓದೋಕೆ ಕಂಚಿಗೆ ಹೋದ ಹುಡುಗ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ, ಅವಮಾನ, ಆಮೇಲೆ ಕತ್ತಿ. 1975ರಲ್ಲಿ ಅಣ್ಣಾವ್ರ "ಮಯೂರ" ಬಂದಿದ್ದೂ ಇದೇ ಎಳೆಯ ಮೇಲೆ.

ಆ ಕತ್ತಿ ಹಿಡಿಯೋ ಜಾಗದಲ್ಲಿ ಕುಬ್ಜ ಏನು ಮಾಡ್ತಾನೆ ನೋಡಿ. ಹುಡುಗನ ಎದೆಯಲ್ಲಿ ಜ್ವಾಲಾಮುಖಿ ಸಿಡಿಸಲ್ಲ. ಕೈ ತೋರಿಸ್ತಾನೆ. ಆ ಕೈಗೆ ಅಲ್ಲಿಯವರೆಗೆ ಯಾವ ಯಾವ ಸಾಮಾನು ಹಿಡಿದು ಅಭ್ಯಾಸ ಇತ್ತು ಅಂತ ಒಂದು ಪಟ್ಟಿ ಕೊಡ್ತಾನೆ. ದರ್ಭೆ, ಸಮಿತ್ತು, ಹೋಮದ ಸೌಟು, ತುಪ್ಪ... ಅಷ್ಟೇ. ಹೋಮದ ಮನೆಯ ದಿನಸಿ ಚೀಟಿ ಅದು. ಅಂಥ ಕೈಗೆ ಕತ್ತಿ ಕೊಡ್ತಾನೆ. ಓದಿದವನಿಗೆ ಮೈ ಜುಂ ಅನ್ನುತ್ತೆ, ಸಾವಿರದ ಐನೂರು ವರ್ಷದ ಮೇಲೂ.

ಕುಬ್ಜ ಸತ್ಯಹರಿಶ್ಚಂದ್ರ ಅಂತ ನಾನು ಹೇಳ್ತಿಲ್ಲ. ಅವನು ಆಸ್ಥಾನದ ಕವಿ. ಮಯೂರಶರ್ಮನಿಗೂ ಅವನಿಗೂ ನಡುವೆ ನೂರು ವರ್ಷದ ಅಂತರ, ಕಂಚಿಯ ಜಗಳವನ್ನ ಅವನು ಕಣ್ಣಾರೆ ಕಂಡಿಲ್ಲ. ಯಜಮಾನರ ವಂಶವನ್ನ ಹೊಗಳೋದು ಅವನ ಕೆಲಸ, ಉಳಿದ ಪದ್ಯಗಳಲ್ಲಿ ಆ ಕಾಲದ ಅಲಂಕಾರಗಳನ್ನ ಧಾರಾಳವಾಗಿ ಸುರಿದಿದ್ದಾನೆ. ಆ ಅಲಂಕಾರ ಎಲ್ಲ ವಿದ್ವಾಂಸರ ಪಾಲಾಯ್ತು. ಜನರ ಪಾಲಿಗೆ ಉಳಿದಿದ್ದು ಕೈ ಮತ್ತು ಕತ್ತಿ. ದರ್ಭೆ ಹಿಡಿಯೋ ಕೈ ಹೇಗಿರುತ್ತೆ ಅನ್ನೋದು ಅಗ್ರಹಾರದಲ್ಲಿ ಓಡಾಡಿದ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನ ಬರೆದ ಜಾಗದಲ್ಲಿ ಗೆದ್ದ.

ಎರಡನೇದು ಉಡುತಡಿ ಮತ್ತು ಬಳ್ಳಿಗಾವಿ. ಅಕ್ಕಮಹಾದೇವಿಯ ಊರು ಉಡುತಡಿ, ಅಲ್ಲಮಪ್ರಭು ಬಳ್ಳಿಗಾವಿಯವರು, ಇದು ನಮ್ಮ ಕಡೆ ಮಗುವಿಗೂ ಗೊತ್ತು. ಎರಡೂ ಶಿರಾಳಕೊಪ್ಪದ ಮಗ್ಗುಲಲ್ಲೇ. ಇವರಿಬ್ಬರೂ ಎದುರುಬದುರಾಗಿ ಮಾತಾಡೋ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತೆ, ಕಲ್ಯಾಣದಲ್ಲಿ. ಬಟ್ಟೆ ಬಿಟ್ಟು ಬಂದವಳು ಮೈಯನ್ನ ಕೂದಲಲ್ಲಿ ಯಾಕೆ ಮುಚ್ಚಿಕೊಂಡೆ ಅಂತ ಅಲ್ಲಮ ಕೇಳ್ತಾನೆ. ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಕೇಳೋ ಪ್ರಶ್ನೆಯಾ ಅದು? ಅಕ್ಕ ಅಳಲ್ಲ, ಸಿಡಿಯಲ್ಲ. ಹಣ್ಣಿನ ಮಾತು ತೆಗೀತಾಳೆ. ಒಳಗೆ ಪೂರ್ತಿ ಮಾಗೋವರೆಗೂ ಹೊರಗಿನ ಸಿಪ್ಪೆಯ ಬಣ್ಣ ಬದಲಾಗಲ್ಲ ಅನ್ನೋ ಅರ್ಥದ ಮಾತು.

ಇಲ್ಲಿ ಹಣ್ಣು ಅಲಂಕಾರಕ್ಕೆ ಬಂದಿಲ್ಲ. ಅದೇ ಉತ್ತರ. ಹಣ್ಣನ್ನ ತೆಗೆದುಬಿಟ್ಟರೆ ಅಕ್ಕನ ವಾದವೇ ಇಲ್ಲ. ನನ್ನ "ಮಣ್ಣಿನ ಕಣ್ಣೀರು" ಬರಹದಿಂದ ಅಳುವ ಆಕಾಶವನ್ನ ತೆಗೆದು ನೋಡಿ, ಏನೂ ಆಗಲ್ಲ. ಭೂತಾಯಿಯನ್ನ ತೆಗೀರಿ, ಆಗಲೂ ಏನೂ ಆಗಲ್ಲ. ಎಲ್ಲಾ ತೆಗೆದರೆ ಪೋಸ್ಟೇ ಇರಲ್ಲ, ಅದು ಬೇರೆ ಮಾತು.

ಅಕ್ಕನ ಇನ್ನೊಂದು ಪ್ರಾರ್ಥನೆ ನೆನಪಿರಬಹುದು. ಭಿಕ್ಷೆ ಬೇಡೋ ಹಾಗೆ ಮಾಡು ಅಂತ ದೇವರನ್ನ ಕೇಳ್ತಾಳೆ. ಅಷ್ಟಕ್ಕೇ ನಿಲ್ಲಿಸಲ್ಲ, ಬೇಡಿದ ಅನ್ನ ಕೈಗೆ ಸಿಗಬಾರದು, ಬಿದ್ದರೆ ನಾಯಿ ಪಾಲಾಗಬೇಕು ಅನ್ನೋವರೆಗೆ ಹೋಗ್ತಾಳೆ. ಆ ನಾಯಿಯನ್ನ ಬೀದಿಯಲ್ಲಿ ನೋಡದವಳು ಅದನ್ನ ಬರೆಯೋಕೆ ಸಾಧ್ಯವೇ ಇಲ್ಲ. "ಅಹಂಕಾರ ಅಳಿಯಲಿ" ಅಂತ ನೂರು ಸಲ ಬರೆದರೂ ಆ ನಾಯಿಗೆ ಸಮ ಆಗಲ್ಲ.

ಮೂರನೇದು ನಮ್ಮ ಸೊರಬ ದಾಟಿದರೆ ಸಿಗೋ ಬನವಾಸಿ. ಊರು ನೆನಪಾದಾಗೆಲ್ಲ ನಾವು ಪಂಪನನ್ನ ಎಳ್ಕೊಂಡು ಬರ್ತೀವಿ. 941ರ ಸುಮಾರಿಗೆ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ ಕೂತು ವಿಕ್ರಮಾರ್ಜುನ ವಿಜಯ ಬರೆದವನು, ಅದರಲ್ಲಿ ಬನವಾಸಿಯನ್ನ ಹಾಡಿ ಹೊಗಳಿದ. ನಮಗೆ ಅದರಲ್ಲಿ ಬೇಕಾಗಿರೋದು ದುಂಬಿ, ಕೋಗಿಲೆ, ನಂದನವನ. ವಾಟ್ಸಾಪ್ ಸ್ಟೇಟಸ್ಸಿಗೆ ಹೇಳಿ ಮಾಡಿಸಿದ ಸಾಮಾನು. ಅಂಕುಶದ ಮಾತು ಎಲ್ಲರ ಬಾಯಲ್ಲೂ ಇದೆ, ಆದರೆ ಅಂಕುಶ ಅಂದ್ರೆ ಏನು ಅಂತ ಒಂದು ನಿಮಿಷ ನಿಂತು ಯೋಚಿಸಿದ್ದೀವಾ? ಆನೆಯನ್ನ ತಿವಿಯೋ ಕಬ್ಬಿಣದ ಕೊಕ್ಕೆ ಅದು. ಪಂಪ ಯುದ್ಧ ಮಾಡಿದವನು, ಆನೆಗೆ ಅದು ಎಷ್ಟು ಚುಚ್ಚುತ್ತೆ ಅಂತ ನೋಡಿದವನು. ಊರ ಮೇಲಿನ ಪ್ರೀತಿ ಎಷ್ಟು ಅಂತ ಹೇಳೋಕೆ ನೋಯಿಸೋ ಸಾಮಾನು ತಂದ. ನಾವು ಆ ಕೊಕ್ಕೆಯ ಮೊನೆಯನ್ನ ಉಜ್ಜಿ ಉಜ್ಜಿ ನುಣುಪು ಮಾಡಿ, ಟೀ ಶರ್ಟಿನ ಮೇಲೆ ಹಾಕಿಕೊಂಡ್ವಿ.

*

"ಆಯ್ತಪ್ಪಾ, ಕೆಟ್ಟದಾಗಿ ಬರೆದರೆ ಯಾರಿಗೆ ನಷ್ಟ? ಓದೋರು ಓದ್ತಾರೆ, ಬಿಡೋರು ಬಿಡ್ತಾರೆ" ಅನ್ನಬಹುದು. ಇಲ್ಲ ಸ್ವಾಮೀ. ನಷ್ಟ ಇದೆ. ಅದಕ್ಕೂ ಉದಾಹರಣೆ ನಮ್ಮ ಕಡೆಯದೇ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾದವು, ಹಿಂದೆಯೇ ಜನಕ್ಕೆ ಜ್ವರ. ಪರೀಕ್ಷೆ ಮಾಡಿ ಹೊಸ ವೈರಸ್ ಪತ್ತೆ ಹಚ್ಚಿದರು, ಜಗತ್ತಿನ ವೈದ್ಯರೆಲ್ಲ ಇವತ್ತಿಗೂ ಅದನ್ನ ಕ್ಯಾಸನೂರಿನ ಹೆಸರಲ್ಲೇ ಕರೀತಾರೆ. ನಮ್ಮಲ್ಲಿ ಅದರ ಹೆಸರು ಮಂಗನ ಕಾಯಿಲೆ. ಎಂಥಾ ಕಣ್ಣಿಗೆ ಕಟ್ಟೋ ಹೆಸರು! ಕೇಳಿದ ತಕ್ಷಣ ಮಂಗ ಕಾಣುತ್ತೆ, ಭಯ ಆಗುತ್ತೆ. ಆದರೆ ಕಚ್ಚಿ ಕಾಯಿಲೆ ದಾಟಿಸೋದು ಮಂಗ ಅಲ್ಲ, ಉಣ್ಣೆ. ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣ್ಣೆ. ಮಂಗವೂ ನಮ್ಮ ಹಾಗೇ ಕಚ್ಚಿಸಿಕೊಂಡು ಸಾಯೋ ಪ್ರಾಣಿ. ಸತ್ತ ಮಂಗದ ಮೈಯಿಂದ ಉದುರಿದ ಉಣ್ಣೆಗಳು ಆ ಜಾಗದಲ್ಲಿ ಓಡಾಡೋರಿಗೆ ಹತ್ತುತ್ತವೆ. ಹಾಗಾಗಿ ತಿಳ್ಕೋಬೇಕಾದ್ದು ಇಷ್ಟು: ಚಳಿಗಾಲ ಶುರುವಾದಾಗಿಂದ ಮಳೆ ಬರೋವರೆಗೆ ದರಗು, ಸೌದೆ ತರೋಕೆ ಕಾಡಿಗೆ ಹೋಗೋರು ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದಮೇಲೆ ಬಟ್ಟೆ ಬದಲಿಸಿ ಬಿಸಿನೀರಲ್ಲಿ ಸ್ನಾನ ಮಾಡಬೇಕು, ಮಂಗ ಸತ್ತಿದ್ದು ಕಂಡರೆ ಹತ್ರ ಹೋಗದೆ ಆಸ್ಪತ್ರೆಗೆ ತಿಳಿಸಬೇಕು. ಮೊದಲಿದ್ದ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದ ಮೇಲೆ ಈ ಎಚ್ಚರಿಕೆಯೇ ದೊಡ್ಡ ಔಷಧಿ.

ಈಗ ನೆನಪು ಮಾಡಿಕೊಳ್ಳಿ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗದಲ್ಲಿ ಈ ಕಾಯಿಲೆಗೆ ಜನ ಸಾಯ್ತಾ ಇದ್ದಾಗ ಟೀವಿಯಲ್ಲಿ ನಾನು ಕೇಳಿದ ಭಾಷೆ ಯಾವುದು? ಮರಣಮೃದಂಗ. ರಣಕೇಕೆ. ಮಹಾಮಾರಿಯ ಅಟ್ಟಹಾಸ. ಮಂಗನ ಚಿತ್ರದ ಮೇಲೆ ಕೆಂಪು ಅಕ್ಷರ. ಓದುಗ, ನೋಡುಗ ಎಲ್ಲರೂ "ಮನಕಲಕಿ" ಹೋದರು. ನಮ್ಮ ಮನೇಲೂ ಕಲಕಿತ್ತು. ಎಲ್ಲರೂ ಕೂತು ಮಂಗನಿಗೆ ಬೈದೆವು. ಉಣ್ಣೆ ಅನ್ನೋ ಪದ ನಮ್ಮ ಅಜ್ಜಿಯ ಬಾಯಲ್ಲಿ ಆ ಇಡೀ ತಿಂಗಳಲ್ಲಿ ಒಂದು ಸಲವೂ ಬರಲಿಲ್ಲ. ದರಗಿಗೆ ಹೋಗೋದೂ ನಿಲ್ಲಲಿಲ್ಲ.

ಒಂದು ಚಿತ್ರಕ್ಕೆ ಎಷ್ಟು ಶಕ್ತಿ ಇದೆ ಅಂದ್ರೆ ಅದು ತಪ್ಪು ಕಡೆಗೂ ಅಷ್ಟೇ ಜೋರಾಗಿ ತಳ್ಳುತ್ತೆ. ಓದುಗನ ಮನಸ್ಸನ್ನ ಅಲ್ಲಾಡಿಸಿದೆ ಅನ್ನೋದೊಂದೇ ಹೆಮ್ಮೆಯ ವಿಷಯ ಆಗಬಾರದು. ಯಾವ ಕಡೆಗೆ ಅಲ್ಲಾಡಿಸಿದೆ ಅಂತಲೂ ಕೇಳ್ಕೋಬೇಕು.

*

ಬರೋ ಆಕ್ಷೇಪಣೆಗಳೂ ಗೊತ್ತು. "ಸಾಫ್ಟ್‌ವೇರಿನವನು, ಭಾವನೆಗೂ ಸ್ಪೆಸಿಫಿಕೇಶನ್ ಕೇಳ್ತಾನೆ" ಅಂತೀರಿ. ಸರಿ, ಸಾಫ್ಟ್‌ವೇರಿನ ಉದಾಹರಣೆಯನ್ನೇ ಕೊಡ್ತೀನಿ. ನಮ್ಮ ಆಫೀಸಿಗೆ ದಿನಾ ದೂರು ಬರ್ತವೆ. ಒಬ್ಬರು "ನಿಮ್ಮ ಆ್ಯಪ್ ನನ್ನ ಜೀವನ ನರಕ ಮಾಡಿದೆ" ಅಂತ ಬರೀತಾರೆ. ಅಯ್ಯೋ ಅಂದ್ಕೊಂಡು ಮುಂದಿನ ದೂರಿಗೆ ಹೋಗ್ತೀವಿ. ಇನ್ನೊಬ್ಬರು "ನೆಟ್‌ವರ್ಕ್ ಹೋಗಿ ಬಂದಾಗ ಬಟನ್ ಮತ್ತೆ ಒತ್ತಿದೆ, ದುಡ್ಡು ಎರಡು ಸಲ ಕಟ್ಟಾಯ್ತು, ಮಗಳ ಹಾಸ್ಟೆಲ್ ಫೀಸಿನ ದುಡ್ಡು ಅದು" ಅಂತ ಬರೀತಾರೆ. ಎದ್ದು ಓಡ್ತೀವಿ. ರಾತ್ರಿ ಎರಡು ಗಂಟೆಗೂ ಓಡ್ತೀವಿ. ಇದರಲ್ಲಿ ಭಾವನೆ ಯಾವುದರಲ್ಲಿ ಜಾಸ್ತಿ ಇದೆ ನೀವೇ ಹೇಳಿ.

"ಹಾಗಾದ್ರೆ ರೂಪಕಾನೇ ಬೇಡ್ವಾ, ಪಂಚನಾಮೆ ಥರ ಬರೀಬೇಕಾ?" ಅಂತ ಇನ್ನೊಂದು ಪ್ರಶ್ನೆ. ಹಾಗಂದಿಲ್ಲ ಮಾರಾಯ್ರೇ. ಅಕ್ಕನ ಹಣ್ಣು ರೂಪಕ ಅಲ್ಲದೆ ಇನ್ನೇನು? ನನ್ನ ತಕರಾರು ಇಷ್ಟೇ. ರೂಪಕ ನೀವು ಮುಟ್ಟಿ, ಮೂಸಿ, ಕಂಡ ಸಾಮಾನಿಂದ ಬರಲಿ. ಬಂದಮೇಲೆ ಏನಾದ್ರೂ ಕೆಲಸ ಮಾಡಲಿ. ಬರೀ ಚೆಂದಕ್ಕೆ ಬಾಗಿಲಲ್ಲಿ ನಿಲ್ಲೋದು ಬೇಡ. ಅಳುವ ಆಕಾಶವನ್ನ ಈಗ ಫೋನಿನಲ್ಲಿರೋ ಎಐ ಕೂಡ ಎರಡು ಸೆಕೆಂಡಲ್ಲಿ ಬರೆದುಕೊಡುತ್ತೆ. ಚಿಕ್ಕಮ್ಮ ಸೆರಗು ಹೊದ್ದು ಕೂತಿದ್ದನ್ನ ನೋಡಿದವನು ನಾನೊಬ್ಬನೇ. ಅದನ್ನ ನಾನೇ ಬರೀದೇ ಹೋದರೆ ಇನ್ಯಾರು ಬರೀತಾರೆ?

ಮೂರನೇ ಆಕ್ಷೇಪಣೆ ಗಟ್ಟಿಯಾದದ್ದು. "ಹೇಗೆ ಬರೆದರೇನು, ನಲವತ್ತಮೂರು ಜನ ರೈತನಿಗಾಗಿ ಕಣ್ಣೀರು ಹಾಕಿದರಲ್ಲ, ಅದು ಒಳ್ಳೇದಲ್ವಾ?" ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಆ ನಲವತ್ತಮೂರರಲ್ಲಿ ಒಬ್ಬರೂ "ಸಾಲ ಏನಾಯ್ತು?" ಅಂತ ಕೇಳಲಿಲ್ಲ. ನಿಮ್ಮ ತಪ್ಪಲ್ಲ, ಸಾಲ ಇದೆ ಅಂತ ನಾನು ಬರೆದೇ ಇರಲಿಲ್ಲ. ಆಕಾಶ ಅತ್ತರೆ ಯಾರು ಏನು ಮಾಡೋಕಾಗುತ್ತೆ? ಮುಚ್ಚಿಹೋದ ಕಾಲುವೆ ಅಂತ ಬರೆದಿದ್ದರೆ, ಊರವರು ಯಾರಾದ್ರೂ ಓದಿ ಪಂಚಾಯ್ತಿಯಲ್ಲಿ ಒಂದು ಮಾತು ಎತ್ತಬಹುದಿತ್ತು. ಭೂತಾಯಿಯ ಮೇಲೆ ತಪ್ಪು ಹಾಕಿದರೆ ಕಾಲುವೆ ಮುಚ್ಚಿದವರು ಆರಾಮಾಗಿ ಇರ್ತಾರೆ.

ಇನ್ನೊಂದು ವಿಷಯ ಹೇಳಿಬಿಡ್ತೀನಿ, ಇದನ್ನ ಹೇಳೋಕೆ ನಾಚಿಕೆ ಆಗುತ್ತೆ. ಆ ಬರಹ ಹಾಕಿದ ಮೇಲೆ ನಾಲ್ಕು ತಿಂಗಳು ನಾನು ಚಿಕ್ಕಪ್ಪನಿಗೆ ಒಂದು ಫೋನು ಮಾಡಿರಲಿಲ್ಲ. ಬರೆದು, ಅತ್ತು, ಕಾಮೆಂಟಿಗೆಲ್ಲ ಧನ್ಯವಾದ ಹೇಳಿ, ನನ್ನ ಪಾಲಿನ ದುಃಖ ಮುಗಿಸಿದೆ ಅನ್ನೋ ಸಮಾಧಾನ ಬಂದುಬಿಟ್ಟಿತ್ತು. ಅವಲಕ್ಕಿ ಸರ ಹೋಗಿದ್ದು ಅದೇ ನಾಲ್ಕು ತಿಂಗಳಲ್ಲಿ. ನನ್ನ ಹತ್ರ ಆಗ ಆ ಸರ ಬಿಡಿಸಿಕೊಡುವಷ್ಟು ದುಡ್ಡು ಇತ್ತು.

ಚೆಂದದ ಮಾತಿನ ದೊಡ್ಡ ಅಪಾಯ ಇದು ಅಂತ ನನಗೀಗ ಅನ್ಸುತ್ತೆ. ಓದುಗನಿಗಿಂತ ಮುಂಚೆ ಅದು ಬರೆದವನಿಗೇ ಮೋಸ ಮಾಡುತ್ತೆ.

*

"ಮಣ್ಣಿನ ಕಣ್ಣೀರು" ಬರಹವನ್ನ ಅಳಿಸಿಲ್ಲ. ನನ್ನ ಕರ್ಮ ಅಲ್ಲೇ ಇರಲಿ. ಆದರೆ ಅದರ ಮೇಲೆ ಇವತ್ತು ಈ ಸಾಲುಗಳನ್ನ ಸೇರಿಸಿದ್ದೀನಿ:

ಕೆಳಗಿನ ತೋಟದ ಬದು ಎದ್ದಮೇಲೆ ಚಿಕ್ಕಪ್ಪನ ಹೊಲದ ನೀರಿಗೆ ದಾರಿ ಇರಲಿಲ್ಲ. ಹನ್ನೆರಡು ದಿನದ ಮಳೆಗೆ ಎರಡೆಕರೆ ಶುಂಠಿ ಕೊಳೆಯಿತು. ಅಗೆದ ದಿನ ಚಿಕ್ಕಪ್ಪ ಮೂರು ಸಲ ಸೋಪು ಹಾಕಿ ಕೈ ತೊಳೆದರು, ಆದರೂ ವಾಸನೆ ಹೋಗಲಿಲ್ಲ, ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿದರು. ಚಿಕ್ಕಮ್ಮ ಆ ವರ್ಷ ನಾಲ್ಕು ಮದುವೆಗೆ ಹೋದರು, ನಾಲ್ಕರಲ್ಲೂ ಸೆರಗು ಹೊದ್ದುಕೊಂಡಿದ್ದರು.

ನಿಮ್ಮ ನಿಮ್ಮ ಬ್ಲಾಗಲ್ಲೂ ಇಂಥ ಹಳೇ ಬರಹ ಒಂದಾದರೂ ಇರುತ್ತೆ. ಒಂದ್ಸಲ ತೆಗೆದು ನೋಡಿ. ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ ಹೆಸರು ಹೇಳದೆ ಓದಿಸಿ. ಗುರುತು ಹಿಡಿದರಾ? ಹಿಡಿದರೆ ನೀವು ಗೆದ್ದಿರಿ. ಬೈಯೋದಿದ್ದರೆ ಕಾಮೆಂಟಲ್ಲಿ ಬೈಯಿರಿ. "ಭಾವಪೂರ್ಣ ಬರಹ" ಅಂತ ಮಾತ್ರ ದಯವಿಟ್ಟು ಹಾಕಬೇಡಿ :)

ತಾ.ಕ.: ಈ ಸಾಲುಗಳನ್ನ ಚಿಕ್ಕಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ನಾಕಲ್ಲ, ಐದ್ ಮದ್ವಿ" ಅಂದರು.